ವೈಫೈ ಜೋಡಿಸುವಾಗ ಚಾನೆಲ್ ನೋಡಿ ಇಡಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ವೈಫೈ ನಿಧಾನವಾಗುತ್ತದೆ, ರಾತ್ರಿ ಎಂಟರ ನಂತರ ವಿಡಿಯೋ ಕರೆ ತುಂಡಾಗುತ್ತದೆ ಎಂಬ ದೂರು ಉಡುಪಿ, ಮಣಿಪಾಲದ ಫ್ಲ್ಯಾಟುಗಳಲ್ಲಿ ದಿನವೂ ಕೇಳಿಬರುತ್ತದೆ. ಆಗೆಲ್ಲ ನಾವು ಇಂಟರ್‌ನೆಟ್ ಕೊಟ್ಟವರನ್ನು ದೂರುತ್ತೇವೆ. ಆದರೆ ಅನೇಕ ಬಾರಿ ತೊಡಕಿರುವುದು ರೂಟರ್‌ನಿಂದ ಫೋನಿನವರೆಗಿನ ಹತ್ತು ಹೆಜ್ಜೆಯ ರೇಡಿಯೋ ದಾರಿಯಲ್ಲಿ.

ಕಳೆದ ತಿಂಗಳು ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ನಿಂತು, ವೈಫೈ ಪರೀಕ್ಷಿಸುವ ಆ್ಯಪ್ ತೆರೆದು ನೋಡಿದೆ. ವೈಫೈ ಬಳಸುವ ರೇಡಿಯೋ ಅಲೆಗಳ ಒಂದು ಶ್ರೇಣಿಯಾದ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 19 ರೂಟರ್‌ಗಳು ಕಂಡವು. ಬ್ಯಾಂಡಿನೊಳಗೆ ನಂಬರು ಹಾಕಿದ ದಾರಿಗಳೇ ಚಾನೆಲ್‌ಗಳು. 11 ರೂಟರ್‌ಗಳು ಆರನೆಯ ಚಾನೆಲ್‌ನಲ್ಲೇ ಇದ್ದವು, ಎರಡು ನಾಲ್ಕನೆಯದರಲ್ಲಿದ್ದವು. ಹನ್ನೊಂದನೆಯ ಚಾನೆಲ್ ಬಹುತೇಕ ಖಾಲಿಯಿತ್ತು. ಈ ಬ್ಯಾಂಡಿನಲ್ಲಿ 13 ಚಾನೆಲ್‌ಗಳಿದ್ದರೂ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ. ಒಂದು ರೂಟರ್‌ಗೆ ಬೇಕಾದ ಅಗಲವೋ ಕನಿಷ್ಠ 20 ಮೆಗಾಹರ್ಟ್ಸ್. ಆದ್ದರಿಂದ ಒಂದರ ಮೇಲೊಂದು ಬೀಳದಂತೆ ಬಳಸಲು ಸಿಗುವುದು 1, 6 ಮತ್ತು 11 ಎಂಬ ಮೂರೇ ಚಾನೆಲ್‌ಗಳು. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಉಪದ್ರವ ಕೊಡುತ್ತಿದ್ದುದು ನಾಲ್ಕರಲ್ಲಿ ಕುಳಿತ ಆ ಎರಡು ರೂಟರ್‌ಗಳು. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಂದನ್ನೊಂದು ಕೇಳಿಸಿಕೊಂಡು ಸರದಿ ಕಾಯುತ್ತವೆ. ವೇಗ ಹಂಚಿಹೋದರೂ ಮಾತು ಕೆಡುವುದು ಕಡಿಮೆ. ನಾಲ್ಕರಲ್ಲಿರುವ ರೂಟರ್‌ನ ಮಾತು ಒಂದನೆಯ ಮತ್ತು ಆರನೆಯ ಚಾನೆಲ್‌ನವರಿಗೆ ಬರೀ ಗದ್ದಲವಾಗಿ ತಲಪುವುದರಿಂದ ಸರದಿ ತಪ್ಪುತ್ತದೆ, ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ.

ನಾನು ಹಡಗುಗಳಲ್ಲಿ ರೇಡಿಯೋ ಕೆಲಸ ಮಾಡಿದವನು. ಕಡಲಿನಲ್ಲಿ ಬೋಟು, ಹಡಗುಗಳವರು ಮಾತಾಡುವ ವಿಎಚ್‌ಎಫ್ ರೇಡಿಯೋ ಸೆಟ್ಟಿನ 16ನೆಯ ಚಾನೆಲ್ ಇರುವುದು ಆಪತ್ತಿಗೆ ಮತ್ತು ಕರೆಯುವುದಕ್ಕೆ. ಉತ್ತರ ಸಿಕ್ಕಿದ ಕೂಡಲೇ ಬೇರೆ ಚಾನೆಲ್ ಹೇಳಿ ಅಲ್ಲಿಗೆ ಸರಿಯಬೇಕು. ಸರಿಯದೆ ಅಲ್ಲೇ ಮೀನಿನ ದರ ಮಾತಾಡುತ್ತ ಕುಳಿತರೆ, ಮುಳುಗುತ್ತಿರುವ ಬೋಟಿನವರ ಕೂಗು ಯಾರಿಗೂ ಕೇಳಿಸದು.

ಕಿವಿಗೆ ಹಾಕುವ ಬ್ಲೂಟೂತ್ ಇಯರ್‌ಫೋನ್ ಹೀಗೆ ಸರಿಯುವ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ವೈಫೈಯ ಇದೇ ಬ್ಯಾಂಡಿನಲ್ಲಿ 79 ಸಣ್ಣ ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತ, ಗದ್ದಲವಿರುವ ಚಾನೆಲ್‌ಗಳನ್ನು ಗುರುತಿಸಿ ಬಿಟ್ಟುಬಿಡುತ್ತದೆ. (ಟಾರ್ಪೆಡೊವಿನ ಸಂಕೇತವನ್ನು ಶತ್ರು ಕೆಡಿಸದಂತೆ ಇಂಥ ಜಿಗಿತದ ಉಪಾಯವೊಂದಕ್ಕೆ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಪೇಟೆಂಟ್ ಪಡೆದಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.) ವೈಫೈ ರೂಟರ್ ಹಾಗೆ ಜಿಗಿಯುವುದಿಲ್ಲ. ‘ಆಟೋ’ ಎಂದು ಇಟ್ಟರೂ ಅನೇಕ ರೂಟರ್‌ಗಳು ಆನ್ ಆಗುವಾಗ ಒಮ್ಮೆ ಮಾತ್ರ ಸುತ್ತ ನೋಡಿ ಚಾನೆಲ್ ಆರಿಸಿಕೊಳ್ಳುತ್ತವೆ. ಕರೆಂಟ್ ಬಂದಾಗ ಕಟ್ಟಡದ ರೂಟರ್‌ಗಳೆಲ್ಲ ಒಟ್ಟಿಗೇ ಏಳುವುದರಿಂದ ಹಲವು ಒಂದೇ ಕಡೆ ಹೋಗಿ ಕುಳಿತುಕೊಳ್ಳುವ ಸಾಧ್ಯತೆಯಿದೆ.

ಈ ಬ್ಯಾಂಡಿಗೆ ಪರವಾನಗಿ ಬೇಕಾಗಿಲ್ಲವಾದ್ದರಿಂದ ಇಂಥ ಮನೆಗೆ ಇಂಥ ಚಾನೆಲ್ ಎಂದು ಹಂಚಿಕೊಡುವ ಅಧಿಕಾರಿಯೂ ಇಲ್ಲ. ಅಕ್ಕಪಕ್ಕದ ಮನೆಯವರೇ ಕೂತು ಮಾತಾಡಿಕೊಳ್ಳಬೇಕು. ನಮ್ಮ ಕಟ್ಟಡದಲ್ಲಿ ಹಾಗೆ ಮಾತಾಡಿ, ನಾಲ್ಕರಲ್ಲಿದ್ದ ಎರಡನ್ನೂ ಆರರಲ್ಲಿದ್ದ ಕೆಲವನ್ನೂ ಹನ್ನೊಂದಕ್ಕೂ ಒಂದಕ್ಕೂ ಹಂಚಿದೆವು. ರೂಟರ್ ಇರುವ ಕೋಣೆಯಲ್ಲೇ ಇರುವ ಟಿವಿಗಳನ್ನು ಹೆಚ್ಚು ಚಾನೆಲ್‌ಗಳಿರುವ 5 ಗಿಗಾಹರ್ಟ್ಸ್ ವೈಫೈ ಬ್ಯಾಂಡಿಗೆ ಹಾಕಿದೆವು. ನನ್ನ ಸೊಸೆಯ ರಾತ್ರಿಯ ಮೀಟಿಂಗ್ ಆ ವಾರದಿಂದ ತುಂಡಾಗಿಲ್ಲ.

ಹೊಸ ಸಂಪರ್ಕ ಕೊಡಲು ಬರುವ ಹುಡುಗರು ವೇಗ ತೋರಿಸಿ ಸಹಿ ಹಾಕಿಸಿಕೊಂಡು ಹೊರಡುವ ಮೊದಲು, ಸುತ್ತಲಿನ ಚಾನೆಲ್‌ಗಳನ್ನು ಫೋನಿನಲ್ಲೇ ನೋಡಿ, 1, 6, 11ರಲ್ಲಿ ತೆರವಿರುವಲ್ಲಿ ರೂಟರ್ ಇಡುವಂತೆ ಇಂಟರ್‌ನೆಟ್ ಕೊಡುವವರು ಅವರಿಗೆ ತರಬೇತಿ ನೀಡಬೇಕೆಂದೂ, ಫ್ಲ್ಯಾಟುಗಳ ಸಂಘಗಳು ಯಾವ ಮನೆಯ ರೂಟರ್ ಯಾವ ಚಾನೆಲ್‌ನಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ರೇಡಿಯೋ ಅಧಿಕಾರಿ, ಕುಂಜಿಬೆಟ್ಟು, ಉಡುಪಿ