ಬೇಲೂರು ಅತ್ತಿಗೆಗೆ, ಮತ್ತೆ ಉಳಿದ ಎಲ್ಲರಿಗೂ

ಕೊನೆಯ ಕೀಮೋ ಮುಗಿಯಿತು, ರಿಪೋರ್ಟೂ ಚೆನ್ನಾಗಿದೆ. ನಡುವೆ ಆಗಿದ್ದೆಲ್ಲ ನಿಮಗೆ ಗೊತ್ತೇ ಇದೆ. ನನ್ನ ಕ್ಲಾಸು ಹಂಚಿಕೊಂಡ ಸ್ಟಾಫ್ ರೂಮಿನವರಿಗೆ, ಹಾಸನದಿಂದ ಬೆಂಗಳೂರಿಗೆ ಕಾರು ಓಡಿಸಿದ ಭಾವನವರಿಗೆ, ಗಂಜಿ ಕಳಿಸಿದ ಪಕ್ಕದ ಮನೆಯವರಿಗೆ, ಇನ್ಶೂರೆನ್ಸ್ ಅಂತ ಅಲೆದ ಹಳೇ ವಿದ್ಯಾರ್ಥಿಗಳಿಗೆ ತುಂಬಾ ಥ್ಯಾಂಕ್ಸ್.

ಇನ್ನು ಬೇಲೂರು ಅತ್ತಿಗೆ.

ಎರಡನೇ ಕೀಮೋ ಆದ ಮೇಲೆ ಒಂದು ರಾತ್ರಿ ನನಗೆ ಬದುಕೇ ಸಾಕು ಅನ್ನಿಸಿತ್ತು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅತ್ತಿಗೆ ಕೆಳಗೆ ಚಾಪೆ ಹಾಕಿಕೊಂಡಿದ್ದರು. ವಾಂತಿಯಾದಾಗಲೆಲ್ಲ ಬೇಸಿನ್ ತೊಳೆದು, ಒಳಗೆ ಪೇಪರ್ ಹಾಸಿ ತಂದಿಡೋರು. "ಊರಲ್ಲಿ ಯಾರಿಗೂ ಹೇಳ್ಬೇಡಿ" ಅಂತ ನಾನು ಅಳುತ್ತಾ ಹೇಳಿದೆ. ಅದಕ್ಕೆ ಅವರು ಹೂಂ ಅನ್ನಲಿಲ್ಲ. "ಹೇಗೂ ನಿದ್ದೆ ಬರಲ್ಲ, ನಿನ್ನ ಹಿಸ್ಟರಿಯಿಂದ ಏನಾದ್ರೂ ಕತೆ ಹೇಳೇ" ಅಂದರು.

ಬೆಟ್ಟಿ ಫೋರ್ಡ್ ನೆನಪಾದರು. ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ಪಾಠದಲ್ಲಿ, ಅವರ ನಂತರ ಬಂದ ಜೆರಾಲ್ಡ್ ಫೋರ್ಡ್‌ಗೇ ಸಿಗೋದು ಒಂದು ಸಾಲು, ಹೆಂಡತಿಗೆ ಅದೂ ಇಲ್ಲ. 1974ರ ಆಗಸ್ಟ್ 9ಕ್ಕೆ ಗಂಡ ಅಮೆರಿಕದ ಅಧ್ಯಕ್ಷರಾದರು. ಸೆಪ್ಟೆಂಬರ್ 28ಕ್ಕೆ ಇವರಿಗೆ ಸ್ತನ ಕ್ಯಾನ್ಸರಿನ ಆಪರೇಷನ್.

"ಅಯ್ಯೋ ಪಾಪ, ಸಾಮಾನು ಜೋಡಿಸೋಕೂ ಪುರುಸೊತ್ತು ಸಿಗ್ಲಿಲ್ವಲ್ಲ!"

ಆಗ ಅಲ್ಲೂ ಇದನ್ನು ಮುಚ್ಚಿಡೋದೇ ರೂಢಿ. ಬೆಟ್ಟಿ ಮುಚ್ಚಿಡಲಿಲ್ಲ. ಪೇಪರಲ್ಲಿ ಓದಿದ ಹೆಂಗಸರು ತಪಾಸಣೆಗೆ ಸಾಲುಗಟ್ಟಿದರು. ಕೆಲವೇ ವಾರಗಳಲ್ಲಿ, ಉಪಾಧ್ಯಕ್ಷರಾಗಲಿದ್ದ ರಾಕ್‌ಫೆಲ್ಲರ್ ಅವರ ಹೆಂಡತಿ ಹ್ಯಾಪಿಗೂ ಇದೇ ಕಾಯಿಲೆ ಪತ್ತೆಯಾಯಿತು. ಆಮೇಲೆ ಬೆಟ್ಟಿಯ ಕುಡಿತ, ಮಾತ್ರೆಯ ಚಟ. 1978ರಲ್ಲಿ ಮನೆಯವರೇ ಕೂರಿಸಿಕೊಂಡು ಮುಖಕ್ಕೆ ಹೇಳಿದರು. ಚಿಕಿತ್ಸೆ ಪಡೆದರು, ಅದನ್ನೂ ಎಲ್ಲರೆದುರು ಒಪ್ಪಿಕೊಂಡರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಟ ಬಿಡಿಸೋ ಕೇಂದ್ರವನ್ನೇ ಶುರು ಮಾಡಿದರು.

"ಕುಡಿತಾನೂ ಹೇಳ್ಕೊಂಡ್ರಾ!" ಅತ್ತಿಗೆ ಎದ್ದು ಕೂತರು. "ಎಷ್ಟು ವರ್ಷ ಇದ್ರು?"

2011ರಲ್ಲಿ, 93ನೇ ವಯಸ್ಸಿಗೆ ಹೋದರು ಅಂದೆ. ಅತ್ತಿಗೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ಆಪರೇಷನ್ ಆದ್ಮೇಲೆ ಮೂವತ್ತಾರು ವರ್ಷ ಕಣೇ" ಅಂದು ಬೇಸಿನ್ ತೊಳೆಯೋಕೆ ಹೋದರು. ಡಾಕ್ಟರು ಇಷ್ಟು ದಿನ ಹೇಳಿದ ಧೈರ್ಯದ ಮಾತು ಒಂದೂ ತಲೆಗೆ ಇಳಿದಿರಲಿಲ್ಲ. ಇದು ಇಳಿಯಿತು. ಕಾಯಿಲೆ ಒಬ್ಬೊಬ್ಬರಿಗೆ ಒಂದೊಂದು ತರಹ, ಗೊತ್ತು. ಆ ಹೊತ್ತಿಗೆ ಅಷ್ಟು ಸಾಕಾಗಿತ್ತು.

ಬೇಲೂರಿಗೆ ವಾಪಸ್ ಹೋದವರು ಸ್ತ್ರೀಶಕ್ತಿ ಸಂಘದ ಮೀಟಿಂಗಿನಲ್ಲಿ ಬೆಟ್ಟಿಯ ಕತೆ ಹೇಳಿದ್ದಾರೆ. ಜೊತೆಗೆ ನನ್ನದೂ! ಬೈದೆ. "ಅವ್ರನ್ನ ಯಾರು ನೋಡಿದಾರೆ? ನಿನ್ನನ್ನಾದ್ರೆ ಎಲ್ಲ ನೋಡಿದಾರೆ" ಅಂದರು. ಮೊದಲು ತಾವು ತಪಾಸಣೆ ಮಾಡಿಸಿಕೊಂಡು, ಆಮೇಲೆ ನಾಲ್ಕೈದು ಜನರನ್ನು ಎಳೆದುಕೊಂಡು ಹೋಗಿದ್ದಾರೆ. ಅತ್ತಿಗೆ, ಆ ದಿನ ಬೈದಿದ್ದನ್ನ ವಾಪಸ್ ತಗೊಂಡಿದ್ದೀನಿ.

ಮುಂದಿನ ಸೋಮವಾರದಿಂದ ಕಾಲೇಜಿಗೆ ಬರ್ತೀನಿ. ತಲೆಗೆ ಬಟ್ಟೆ ಕಟ್ಟಿರುತ್ತೆ. ನೋಡಿಯೂ ನೋಡದ ಹಾಗೆ ಹೋಗಬೇಡಿ, ಏನಿದ್ದರೂ ಕೇಳಿ.