ಚಿಕ್ಕದಾದ ಮಾತ್ರಕ್ಕೆ ಮನೆಯಾಗದು

ಮಾನ್ಯರೇ,

ಹಿರಿಯರಿಗೆ ದೊಡ್ಡ ವೃದ್ಧಾಶ್ರಮಗಳಿಗಿಂತ ಹತ್ತು–ಹನ್ನೆರಡು ಮಂದಿಯ ಪುಟ್ಟ ಆರೈಕೆ ಮನೆಗಳೇ ವಾಸಿ ಎಂಬ ಮಾತು ಒಪ್ಪತಕ್ಕದ್ದೇ. ಅಮೆರಿಕದ ವೈದ್ಯ ಬಿಲ್ ಥಾಮಸ್ ಅವರ ‘ಗ್ರೀನ್ ಹೌಸ್’ ಕಲ್ಪನೆಯ ಮೊದಲ ಮನೆಗಳು 2003ರಲ್ಲಿ ಮಿಸಿಸಿಪ್ಪಿಯ ಟುಪೆಲೊದಲ್ಲಿ ಶುರುವಾದದ್ದು ಇದೇ ಅಳತೆಯಲ್ಲಿ: ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಸ್ನಾನಗೃಹ, ನಡುವೆ ತೆರೆದ ಅಡುಗೆಮನೆ, ಎಲ್ಲರಿಗೂ ಒಂದೇ ಊಟದ ಮೇಜು.

ಆದರೆ ಹೆಚ್ಚಿನ ಎಡವಟ್ಟು ಸ್ನಾನಗೃಹದಲ್ಲೇ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಬಿದ್ದವರ ದೇಹವೇ ಅಡ್ಡವಾಗಿ ಹೊರಗಿನವರು ತಳ್ಳಲಾಗದು. ಅದು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ ಬೇಕು. ಕಾಲು ಜಾರಿದಾಗ ಕೈ ಮೊದಲು ಹೋಗುವುದು ಟವೆಲ್ ಕಂಬಿಗೆ. ಎರಡು ಸಣ್ಣ ಸ್ಕ್ರೂಗಳ ಆ ಕಂಬಿ ಗೋಡೆಯಿಂದ ಕಿತ್ತು ಬರುತ್ತದೆ. ಅಲ್ಲೂ ಭಾರ ತಡೆಯುವ ಹಿಡಿಕೆಯನ್ನೇ ಹಾಕಿಬಿಡಿ. ಬಿಳಿ ಟೈಲ್ಸ್ ಮುಂದೆ ಬಿಳಿ ಕಮೋಡ್ ನೋಡಲು ಚೆಂದ, ಆದರೆ ಮಂದದೃಷ್ಟಿಯವರಿಗೆ ಕಾಣದು. ಸೀಟಾದರೂ ಗಾಢ ಬಣ್ಣದ್ದಿರಲಿ. ಮರೆವಿನ ಕಾಯಿಲೆಯವರಿಗೆ ಹೊಸ್ತಿಲ ಬಳಿಯ ಕಪ್ಪು ಕಾಲೊರಸು ಗುಂಡಿಯಂತೆ ತೋರಬಹುದು. ಅವರು ಹೆಜ್ಜೆ ಇಡದೆ ನಿಂತುಬಿಟ್ಟರೆ ಹಟವೆಂದು ಗದರಬೇಡಿ, ಕಾಲೊರಸು ತೆಗೆಯಿರಿ.

ಇನ್ನು ಸಿಬ್ಬಂದಿ. ಅಡುಗೆ, ಸ್ನಾನ, ಬಟ್ಟೆ ಎಲ್ಲವನ್ನೂ ಅದೇ ಮೂರ್ನಾಲ್ಕು ಮುಖಗಳು ನೋಡಿಕೊಂಡರೆ, ಯಾರ ಊಟ ಕಡಿಮೆಯಾಗಿದೆ ಎಂಬುದು ಎರಡೇ ದಿನಕ್ಕೆ ಗೊತ್ತಾಗುತ್ತದೆ. ರಾತ್ರಿ ಪಾಳಿಗೆ ಒಬ್ಬರನ್ನಷ್ಟೇ ಬಿಡುವುದು ಸಣ್ಣ ಮನೆಗಳ ದೊಡ್ಡ ದೌರ್ಬಲ್ಯ: ಒಬ್ಬರನ್ನು ಶೌಚಕ್ಕೆ ಕರೆದೊಯ್ದಾಗ ಉಳಿದವರ ಬಳಿ ಯಾರೂ ಇರುವುದಿಲ್ಲ. ಕರೆದರೆ ಹತ್ತು ನಿಮಿಷದೊಳಗೆ ಬರುವ ಎರಡನೆಯವರು ಯಾರು ಎಂಬುದನ್ನು ದಾಖಲಾತಿಗೆ ಮುನ್ನವೇ ಕೇಳಿ.

— ಹಿರಿಯರ ಆರೈಕೆಯಲ್ಲಿರುವ ಓದುಗರು