ಮಗಳಿಗೊಂದು ಪತ್ರ: ನಿನ್ನ ಪ್ರಪೋಸಲ್ ಓದಿದ ಮೇಲೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸಂಶೋಧನಾ ಪ್ರಪೋಸಲ್ ಪೂರ್ತಿ ಓದಿದೆ. ವಿಷಯ ಚೆನ್ನಾಗಿದೆ, ಬರವಣಿಗೆಗೂ ಮಾತಿಲ್ಲ. ಸಂಶೋಧನಾ ವಿಧಾನದ ಭಾಗಕ್ಕೆ ಬಂದಾಗ ಮಾತ್ರ ಪೆನ್ಸಿಲು ಕೆಳಗಿಡಲು ಆಗಲಿಲ್ಲ. ಒಂದು ಪುಟದಲ್ಲಿ 'ಇದು ಫಿನಾಮಿನಾಲಜಿ ಅಧ್ಯಯನ' ಅಂದಿದ್ದೀಯ, ಅಂದರೆ ಒಂದು ಅನುಭವ ಅದನ್ನು ಬದುಕಿದವರಿಗೆ ಹೇಗಿರುತ್ತದೆ ಅಂತ ಹುಡುಕುವುದು. ಮುಂದಿನ ಪುಟದಲ್ಲಿ 'ಗ್ರೌಂಡೆಡ್ ಥಿಯರಿಯ ಕ್ರಮದಲ್ಲಿ ಕೋಡಿಂಗ್ ಮಾಡಲಾಗುವುದು' ಅಂದಿದ್ದೀಯ, ಅಂದರೆ ಜನರ ಮಾತುಗಳನ್ನು ಬಿಡಿಸಿ, ತುಣುಕುಗಳಿಗೆ ಹೆಸರಿಟ್ಟು, ಅದರಿಂದಲೇ ಒಂದು ಥಿಯರಿ ಕಟ್ಟುವುದು. ಅದರ ಕೆಳಗೆ ಅಂಕಿಅಂಶಗಳಿಂದ ಪರೀಕ್ಷಿಸುವಂಥ ಒಂದು ಪ್ರಾಕ್ಕಲ್ಪನೆ (ಹೈಪಾಥಿಸಿಸ್) ಬೇರೆ! ಗೈಡ್ ಯಾಕೆ ಸಹಿ ಹಾಕದೆ ವಾಪಸ್ ಕೊಟ್ಟರು ಅಂತ ಕೇಳಿದ್ದೆಯಲ್ಲ, ಇದಕ್ಕೇ. ನೀನು ಓದಿಲ್ಲ ಅಂತ ಯಾರೂ ಹೇಳಲಾರರು. ಓದಿದ್ದನ್ನೆಲ್ಲ ತಂದು ಹಾಕಿಬಿಟ್ಟಿದ್ದೀಯ, ಅಷ್ಟೇ.

ಮೊದಲು ಶೀರ್ಷಿಕೆ ನೋಡು. 'ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವುದರಿಂದ ಮನೆಯವರ ಮೇಲಾಗುವ ಪರಿಣಾಮ'. ಪರಿಣಾಮ ಅಂದ ಕೂಡಲೇ ಎದುರಿಗೆ ಕೂತವರು ಎಷ್ಟು ಪರಿಣಾಮ, ಯಾರಿಗೆ ಹೋಲಿಸಿದರೆ, ಯಾವ ಅಳತೆಯಲ್ಲಿ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಗಳೇ. ಅದಕ್ಕೆ ಉತ್ತರ ಬೇಕೆಂದರೆ ದೊಡ್ಡ ಸ್ಯಾಂಪಲ್, ಪ್ರಶ್ನಾವಳಿ, ಅಂಕಿಅಂಶಗಳ ಲೆಕ್ಕಾಚಾರ ಬೇಕು. ಹತ್ತಾರು ಜನರ ಜೊತೆ ಕೂತು ಮನಬಿಚ್ಚಿ ಮಾತಾಡಿದರೆ ಆ ಉತ್ತರ ಸಿಗುವುದಿಲ್ಲ. ಸಿಗುವುದು ಬೇರೆಯೇ ಒಂದು, ಅದರ ಬೆಲೆ ಕಡಿಮೆಯೇನಲ್ಲ. ಆದ್ದರಿಂದ ಶೀರ್ಷಿಕೆ ಬದಲಿಸು, ಪ್ರಾಕ್ಕಲ್ಪನೆಯನ್ನು ತೆಗೆ. 'ಸಂಬಂಧ', 'ಪ್ರಮಾಣ', 'ಪ್ರಭಾವ' ಇಂಥವು ಉದ್ದೇಶಗಳ ಪಟ್ಟಿಯಲ್ಲಿ ಎಲ್ಲೆಲ್ಲಿ ನುಸುಳಿವೆಯೋ ಅಲ್ಲೆಲ್ಲ ಗುರುತು ಹಾಕಿದ್ದೇನೆ.

ಇನ್ನು ವಿನ್ಯಾಸ. ಐದು ವಿನ್ಯಾಸಗಳ ವ್ಯಾಖ್ಯೆಗಳನ್ನು ಪುಟಗಟ್ಟಲೆ ಬರೆದಿದ್ದೀಯ. ಅವು ಪಠ್ಯಪುಸ್ತಕದಲ್ಲೇ ಇರಲಿ. ನಿನ್ನ ವಿಷಯವನ್ನೇ ಇಟ್ಟುಕೊಂಡು ಬೇರೆ ಬೇರೆ ಪ್ರಶ್ನೆ ಕೇಳಿನೋಡು. ಹೆತ್ತ ತಾಯಿಗೆ ತನ್ನ ಗುರುತೇ ಸಿಗದೆ ಹೋದ ಮೇಲೂ ಆಕೆಯ ಆರೈಕೆ ಮಾಡುವ ಮಗಳಿಗೆ ಆ ಅನುಭವ ಎಂಥದ್ದು ಅಂತ ಕೇಳಿದರೆ ನೀನು ಫಿನಾಮಿನಾಲಜಿಯ ಕಡೆ ಹೊರಟಿದ್ದೀಯ. ನಾವೇ ನೋಡಿಕೊಳ್ಳುತ್ತೇವೆ ಅಂತ ಪಟ್ಟು ಹಿಡಿದವರು ಯಾವ ಹಂತಗಳನ್ನು ದಾಟಿ ಹೊರಗಿನವರ ನೆರವಿಗೆ ಒಪ್ಪುತ್ತಾರೆ ಅಂತ ಕೇಳಿದರೆ ಅದು ಪ್ರಕ್ರಿಯೆಯ ಪ್ರಶ್ನೆ, ಅಲ್ಲಿಗೆ ಗ್ರೌಂಡೆಡ್ ಥಿಯರಿ ಬೇಕು. ಒಂದು ಆರೈಕೆ ಕೇಂದ್ರ ಹೇಗೆ ನಡೆಯುತ್ತದೆ, ಯಾಕೆ ಹಾಗೇ ನಡೆಯುತ್ತದೆ ಅಂದರೆ ಕೇಸ್ ಸ್ಟಡಿ. ಒಬ್ಬಿಬ್ಬರ ಬದುಕಿನ ಕಥೆಯನ್ನು ಅವರು ಹೇಳುವ ಕ್ರಮದಲ್ಲೇ ಹಿಡಿಯಬೇಕೆಂದರೆ ನ್ಯಾರೇಟಿವ್. ಇವೆರಡೂ ನಿನ್ನ ಕೆಲಸಕ್ಕೆ ಹೊಂದುವುದಿಲ್ಲ, ಅಲ್ಲಿ ಹೊತ್ತು ಕಳೆಯಬೇಡ.

ಗ್ರೌಂಡೆಡ್ ಥಿಯರಿ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅದರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಈ ವಿಧಾನವನ್ನು ಪುಸ್ತಕವಾಗಿ ಮುಂದಿಟ್ಟರು. ಅದರ ಹಿಂದೆ ಆಸ್ಪತ್ರೆಗಳಲ್ಲಿ ಸಾವಿನ ಅಂಚಿನಲ್ಲಿದ್ದ ರೋಗಿಗಳ ನಡುವೆ ಅವರು ಮಾಡಿದ ಅಧ್ಯಯನವಿತ್ತು. ತಾನು ಸಾಯುತ್ತಿದ್ದೇನೆಂದು ರೋಗಿಗೆ ಗೊತ್ತಿಲ್ಲ, ಸಿಬ್ಬಂದಿಗೆ ಗೊತ್ತು: ಇದು ಒಂದು ಸ್ಥಿತಿ. ರೋಗಿಗೆ ಅನುಮಾನ ಬಂದಿದೆ: ಇದು ಇನ್ನೊಂದು. ಇಬ್ಬರಿಗೂ ಗೊತ್ತು, ಆದರೂ ಗೊತ್ತಿಲ್ಲದವರಂತೆ ನಟಿಸುತ್ತಾರೆ: ಮೂರನೆಯದು. ಇಬ್ಬರೂ ಬಾಯಿಬಿಟ್ಟು ಮಾತಾಡುತ್ತಾರೆ: ನಾಲ್ಕನೆಯದು. ಆ ಮೂರನೆಯದನ್ನು ಓದಿದಾಗ ಎಂಥವರಿಗೂ ತಾವು ಕಂಡ ಯಾವುದೋ ಕೋಣೆ ನೆನಪಾಗುತ್ತದೆ. ನಾಲ್ಕು ಹೆಸರು ಕೊಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. ಒಂದು ಸ್ಥಿತಿ ಇನ್ನೊಂದಕ್ಕೆ ಯಾವಾಗ ತಿರುಗುತ್ತದೆ, ತಿರುಗಿದಾಗ ರೋಗಿಯ ಜೊತೆಗಿನ ವ್ಯವಹಾರ ಹೇಗೆ ಬದಲಾಗುತ್ತದೆ ಅಂತ ತೋರಿಸಿದರು. ಥಿಯರಿ ಅಂದರೆ ಅಷ್ಟು. ನಾಲ್ಕು ಥೀಮ್‌ಗಳ ಪಟ್ಟಿ ಮಾಡಿ ಅದನ್ನೇ ಥಿಯರಿ ಅಂತ ಕರೆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಿಲ್ಲುವುದಿಲ್ಲ.

ಈ ದಾರಿ ಹಿಡಿದರೆ ನಿನ್ನ ವೇಳಾಪಟ್ಟಿಯೂ ಕೆಡುತ್ತದೆ. ಮೊದಲು ಎಲ್ಲ ಸಂದರ್ಶನ ಮುಗಿಸಿ ಆಮೇಲೆ ವಿಶ್ಲೇಷಣೆಗೆ ಕೂರುತ್ತೇನೆ ಅಂತ ಹಾಕಿದ್ದೀಯ. ಗ್ರೌಂಡೆಡ್ ಥಿಯರಿಯಲ್ಲಿ ಎರಡೂ ಜೊತೆಜೊತೆಗೇ ಸಾಗಬೇಕು. ಮೊದಲ ಕೆಲವರ ಮಾತಿನಲ್ಲಿ ಸಿಕ್ಕ ಎಳೆಯೇ ಮುಂದೆ ಯಾರನ್ನು ಹುಡುಕಬೇಕು ಅಂತ ಹೇಳುತ್ತದೆ. ಹಾಗಾಗಿ ಯಾರುಯಾರನ್ನು ಮಾತಾಡಿಸುತ್ತೀ ಅಂತ ಪೂರ್ತಿ ಪಟ್ಟಿ ಈಗಲೇ ಕೊಡಲು ಬರುವುದಿಲ್ಲ. ಪ್ರಶ್ನೆಗಳೂ, ಮಾತಾಡಿಸುವವರೂ ನಡುವೆ ಬದಲಾಗಬಹುದು ಅನ್ನುವುದನ್ನು ಎಥಿಕ್ಸ್ ಕಮಿಟಿಗೆ ಮೊದಲೇ ಬರೆದು ತಿಳಿಸಿರಬೇಕು.

ಜನರ ನಡುವೆಯೇ ಬಹುಕಾಲ ಇದ್ದು ಅವರ ಬದುಕನ್ನು ನೋಡಿ ಬರೆಯುವ ಎಥ್ನೋಗ್ರಫಿ ನಿನಗೆ ಬೇಡ, ಅಷ್ಟು ಕಾಲ ಒಂದೇ ಕಡೆ ನೆಲೆಯೂರುವ ಅವಕಾಶ ನಿನಗಿಲ್ಲ. ಆದರೆ ಆ ದಾರಿಯವರಿಂದ ಟಿಪ್ಪಣಿ ಬರೆಯುವ ಅಭ್ಯಾಸ ಕಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಕ್ಷೇತ್ರಕಾರ್ಯ ಮಾಡಿ, ವರ್ಷಗಟ್ಟಲೆ ಅಚ್ಚುಕಟ್ಟು ಮಾಡಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಆಮೇಲೆ ಅವರು ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ಟಿಪ್ಪಣಿ ಇಲ್ಲದಿದ್ದರೂ ನಡೆಯುತ್ತದೆ ಅಂತ ಇದನ್ನು ನನಗೆ ತಿರುಗಿಸಿ ಹೇಳಬೇಡ! ಅಷ್ಟು ವರ್ಷ ಆ ಟಿಪ್ಪಣಿಗಳ ಜೊತೆ ಬದುಕಿದ್ದವರಿಗೆ ಅಂಥ ನೆನಪು ಬಂದದ್ದು. ಮತ್ತೆ, ಮೂರು ಪ್ರತಿಗಳನ್ನೂ ಒಂದೇ ಕಡೆ ಇಡಬೇಡ.

ನೀನು ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳುತ್ತೇನೆ: ಫಿನಾಮಿನಾಲಜಿ ಹಿಡಿ. ನೀನು ಅಂಚಿನಲ್ಲಿ ಗೀಚಿಕೊಂಡ ಪ್ರಶ್ನೆಗಳೆಲ್ಲ 'ಹೇಗನ್ನಿಸಿತು', 'ಆ ಹೊತ್ತು ಹೇಗಿತ್ತು' ಅಂತಲೇ ಇವೆ. ಆದರೆ 'ಸಂಶೋಧಕಿಯು ತನ್ನ ಪೂರ್ವಗ್ರಹಗಳನ್ನೆಲ್ಲ ಬದಿಗಿಡುವಳು' ಅನ್ನುವ ಸಾಲನ್ನು ಒಪ್ಪಲಾರೆ. ಬದಿಗಿಡುವುದು ಫಿನಾಮಿನಾಲಜಿಗೆ ಬುನಾದಿ ಹಾಕಿದ ತತ್ತ್ವಜ್ಞಾನಿ ಹುಸರ್ಲ್ ಹೇಳಿಕೊಟ್ಟ ದಾರಿ. ನಾವು ಮೊದಲೇ ಈ ಲೋಕದೊಳಗೆ ಇರುವವರು, ಅದರಿಂದ ಹೊರಗೆ ನಿಂತು ಯಾವುದನ್ನೂ ಅರಿಯಲಾರೆವು ಅನ್ನುವುದು ಅವರ ಶಿಷ್ಯ ಹೈಡೆಗರ್ 1927ರಲ್ಲಿ ಹಿಡಿದ ದಾರಿ. ನೀನು ಉದ್ಧರಿಸಿರುವುದು ಇಬ್ಬರನ್ನೂ, ಅದೂ ಒಂದೇ ಪ್ಯಾರಾದಲ್ಲಿ. ಒಬ್ಬರನ್ನು ಆರಿಸಿಕೋ. ಅಜ್ಜಿಯ ಕೊನೆಯ ವರ್ಷಗಳನ್ನು ಕಣ್ಣಾರೆ ಕಂಡವಳು ನೀನು. ಈ ವಿಷಯಕ್ಕೆ ನಿನ್ನನ್ನು ತಂದದ್ದೂ ಅದೇ. ಅದನ್ನು ಬದಿಗಿಟ್ಟೆ ಅಂದರೆ ಯಾರು ನಂಬುತ್ತಾರೆ? ಅದರ ಬದಲು ನೇರವಾಗಿ ಬರೆ: ನಾನು ಎಲ್ಲಿಂದ ಬಂದವಳು, ನನ್ನ ನಿರೀಕ್ಷೆಗಳೇನು, ಅವು ನನ್ನ ಕಿವಿಯನ್ನು ಯಾವ ಕಡೆ ವಾಲಿಸಬಹುದು, ಅದನ್ನು ಗಮನಿಸಲು ಪ್ರತಿ ಸಂದರ್ಶನದ ನಂತರ ಏನು ಮಾಡುತ್ತೇನೆ. ಅರ್ಧ ಪುಟ ಸಾಕು.

ಸಂಖ್ಯೆಯ ಗಲಾಟೆ ಬೇರೆ. ಸ್ಯಾಚುರೇಶನ್‌ಗೆ, ಅಂದರೆ ಇನ್ನು ಹೊಸದೇನೂ ಸಿಗದ ಹಂತ ಮುಟ್ಟಲು, ಹನ್ನೆರಡು ಸಂದರ್ಶನ ಸಾಕು ಅಂತ 2006ರ ಒಂದು ಲೇಖನವನ್ನು ತೋರಿಸಿದ್ದೀಯ. ಎಲ್ಲರೂ ತೋರಿಸುವುದು ಅದನ್ನೇ. ಗೆಸ್ಟ್ ಮತ್ತು ಸಂಗಡಿಗರು ಪಶ್ಚಿಮ ಆಫ್ರಿಕಾದ ಎರಡು ದೇಶಗಳ ಮಹಿಳೆಯರ ಜೊತೆ ನಡೆಸಿದ್ದು 60 ಸಂದರ್ಶನ. ಹಿಂತಿರುಗಿ ನೋಡಿದಾಗ ಮೊದಲ 12ರಲ್ಲೇ ಹೆಚ್ಚಿನ ಕೋಡ್‌ಗಳು ಬಂದುಬಿಟ್ಟಿದ್ದವು. ಆದರೆ ಅವರು ಮಾತಾಡಿಸಿದವರು ಬಹುಮಟ್ಟಿಗೆ ಒಂದೇ ಬಗೆಯ ಗುಂಪು, ಎಲ್ಲರಿಗೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳು. ನಿನ್ನ ಪಟ್ಟಿಯಲ್ಲಿ ಗಂಡ, ಸೊಸೆ, ಮಗ, ಕೂಲಿಗೆ ಬಂದ ಆಯಾ ಎಲ್ಲರೂ ಇದ್ದಾರೆ. ಮೊದಲು ಅದನ್ನು ಕಿರಿದು ಮಾಡು. ತಾಯಿಯನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಅಂತ ಇಟ್ಟುಕೊಂಡರೆ ಎಂಟು ಹತ್ತು ಜನರ ಜೊತೆ ಆಳವಾಗಿ ಮಾತಾಡಿದರೂ ಸಮರ್ಥಿಸಿಕೊಳ್ಳಬಹುದು, ಒಬ್ಬೊಬ್ಬರ ಹತ್ತಿರ ಎರಡನೇ ಬಾರಿ ಹೋಗಲೂ ಸಮಯ ಸಿಗುತ್ತದೆ.

ವಿಶ್ವಾಸಾರ್ಹತೆಯ ಭಾಗದಲ್ಲಿ ಲಿಂಕನ್ ಮತ್ತು ಗೂಬಾ 1985ರಲ್ಲಿ ಕೊಟ್ಟ ನಾಲ್ಕು ಮಾನದಂಡಗಳನ್ನು ಹಾಗೇ ಇಳಿಸಿದ್ದೀಯ. ಪ್ರತಿಯೊಂದರ ಮುಂದೆ ನೀನು ಮಾಡುವ ಕೆಲಸ ಬರೆ, ಇಲ್ಲದಿದ್ದರೆ ಅದು ಬರೀ ಅಲಂಕಾರ. ಹೇಳಿದವರಿಗೇ ಬರಹ ತೋರಿಸಿ ಸರಿಯೇ ಅಂತ ಕೇಳುತ್ತೇನೆ ಅಂದಿರುವ ಕಡೆ ಮಾತ್ರ ಒಮ್ಮೆ ಯೋಚಿಸು. 'ಕೆಲವು ರಾತ್ರಿ ಇವಳು ಹೋಗಿಬಿಡಬಾರದೇ ಅನ್ನಿಸುತ್ತಿತ್ತು' ಅಂತ ಸಂಕಟದಲ್ಲಿ ಹೇಳಿದವಳ ಕೈಗೆ ತಿಂಗಳ ಮೇಲೆ ಅದೇ ಮಾತನ್ನು ಅಚ್ಚಿನಲ್ಲಿ ಕೊಡುತ್ತೀಯಲ್ಲ, ಆ ಹೊತ್ತಿಗೆ ಆಕೆಯ ತಾಯಿ ತೀರಿಕೊಂಡಿರಲೂಬಹುದು. ಪೂರ್ತಿ ಪ್ರತಿ ಓದಲು ಬೇಕೋ, ಸಾರಾಂಶ ಸಾಕೋ, ಏನೂ ಬೇಡವೋ ಅಂತ ಸಮ್ಮತಿ ಪತ್ರದಲ್ಲೇ ಆಕೆಯ ಇಷ್ಟಕ್ಕೆ ಬಿಡು. ನಡುವೆ ಅತ್ತರೆ ರೆಕಾರ್ಡರ್ ನಿಲ್ಲಿಸುವವರು ಯಾರು, ಆಮೇಲೆ ಮಾತಾಡಲು ಯಾರ ಹತ್ತಿರ ಕಳಿಸುತ್ತೀ ಅನ್ನುವುದನ್ನೂ ಸೇರಿಸು.

ಕೊನೆಯದಾಗಿ, ನನ್ನ ಸಂದರ್ಶನವನ್ನೂ ಮಾಡಬಹುದೇ ಅಂತ ಕೇಳಿದ್ದೀಯ. ನಿನ್ನ ಡೇಟಾದಲ್ಲಿ ನಾನು ಬೇಡ. ನಿನ್ನ ಮುಂದೆ ಅಜ್ಜಿಯ ಬಗ್ಗೆ ಕೆಲವು ಮಾತು ನಾನು ಆಡುವುದಿಲ್ಲ, ಆಡಿದರೂ ನೀನು ಅದನ್ನು ಪರಕೀಯಳ ಮಾತಿನಂತೆ ಓದಲಾರೆ. ಆದರೆ ಪ್ರಶ್ನೆಗಳನ್ನು ಪರೀಕ್ಷಿಸಿಕೊಳ್ಳಲು ಪೈಲಟ್ ಸಂದರ್ಶನಕ್ಕೆ ಕೂರುತ್ತೇನೆ. ಅದು ವಿಶ್ಲೇಷಣೆಗೆ ಸೇರುವುದಿಲ್ಲ ಅಂತ ಪ್ರಪೋಸಲ್‌ನಲ್ಲೇ ಬರೆದುಬಿಡು. ಬರುವಾಗ ಸಮ್ಮತಿ ಪತ್ರ ತಾ, ಓದಿಯೇ ಸಹಿ ಹಾಕುವುದು. ನಿನ್ನ ಮೂರನೇ ಪ್ರಶ್ನೆಯನ್ನು ಅಷ್ಟರಲ್ಲಿ ಬದಲಿಸಿರು, ಅದಕ್ಕೆ ಹೌದು ಇಲ್ಲ ಬಿಟ್ಟು ಬೇರೆ ಉತ್ತರವೇ ಇಲ್ಲ.

ನಿನ್ನ
ಅಮ್ಮ